ಬಿದ್ದ ಬೈಕು ತಾನಾಗಿ ಆಫ್ ಆಗಬೇಕು

ಬಿದ್ದ ಬೈಕಿನ ಇಂಜಿನ್ ತಾನಾಗಿ ಆಫ್ ಆಗುವ ವ್ಯವಸ್ಥೆ ಹವ್ಯಾಸಿ ರೇಸುಗಳಲ್ಲಿ ಕಡ್ಡಾಯ ಆಗಬೇಕೇ ಎಂಬ ಪ್ರಶ್ನೆಗೆ ಒಂದು ಘಟನೆಯಿಂದ ಶುರುಮಾಡೋಣ. ಹವ್ಯಾಸಿ ರೇಸಿನ ಪ್ರಾಕ್ಟೀಸ್ ದಿನ. ಬೆಳಗಿನ ಎರಡನೇ ಸೆಷನ್‌ನಲ್ಲಿ 600 ಸಿಸಿಯ ಬೈಕೊಂದು ಬಲ ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಬಿತ್ತು. ಸವಾರ ಉರುಳಿ ಜಲ್ಲಿಗೆ ಸೇರಿ ಎದ್ದು ಕೂತ, ಪೆಟ್ಟೇನೂ ಆಗಿರಲಿಲ್ಲ. ಬೈಕು ಅವನಿಗಿಂತ ಮುಂದೆ ಜಾರಿಹೋಗಿ ಬಲಮಗ್ಗುಲಾಗಿ ನಿಂತಿತು. ಇಂಜಿನ್ ಮಾತ್ರ ನಿಲ್ಲಲಿಲ್ಲ. ಬಲಗೈ ಗ್ರಿಪ್ ಜಲ್ಲಿಯೊಳಗೆ ಹೂತು ಥ್ರಾಟಲ್ ತೆರೆದೇ ಉಳಿದಿತ್ತು. ಗೇರಿನಲ್ಲಿದ್ದ ಬೈಕಿನ ಹಿಂದಿನ ಚಕ್ರ ಗಾಳಿಯಲ್ಲಿ ಗಿರಗಿರನೆ ತಿರುಗುತ್ತಿತ್ತು.

ಓಡಿಬಂದ ಮಾರ್ಷಲ್ ಮೊದಲು ಹುಡುಕಿದ್ದು ಇಂಜಿನ್ ನಿಲ್ಲಿಸುವ ಕೆಂಪು ಕಿಲ್ ಸ್ವಿಚ್ಚನ್ನು. ಅದು ಇರುವುದು ಬಲ ಹ್ಯಾಂಡಲ್‌ನಲ್ಲಿ, ಅಂದರೆ ಆಗ ಬೈಕಿನ ಅಡಿಯಲ್ಲಿ. ಎತ್ತದೆ ಸ್ವಿಚ್ ಸಿಗದು, ಎತ್ತಿದರೆ ತಿರುಗುವ ಚಕ್ರ ನೆಲ ಮುಟ್ಟಿ ಬೈಕು ಎತ್ತ ನುಗ್ಗುವುದೋ ಹೇಳಲಾಗದು. ರೇಸ್ ಬೈಕಾದ್ದರಿಂದ ಕೀಲಿಯೂ ಇರಲಿಲ್ಲ. ಇನ್ನೊಬ್ಬ ಮಾರ್ಷಲ್ ಬಂದು ಮೇಲ್ಮುಖವಾಗಿದ್ದ ಕ್ಲಚ್ ಲಿವರ್ ಒತ್ತಿಹಿಡಿದ ಮೇಲೆ ಮೊದಲನೆಯವರು ಮುಂಭಾಗ ಎತ್ತಿ ಸ್ವಿಚ್ ಒತ್ತಿದರು. ಕ್ಲಚ್ ಲಿವರ್ ಮುರಿದಿದ್ದರೆ ಆ ದಾರಿಯೂ ಇರುತ್ತಿರಲಿಲ್ಲ. ಅಷ್ಟು ಹೊತ್ತೂ ಅದೇ ತಿರುವಿಗೆ ಹಿಂದಿನ ಬೈಕುಗಳು ಬರುತ್ತಲೇ ಇದ್ದವು.

ಆ ದಿನ ಬೆಂಕಿ ಹತ್ತಲಿಲ್ಲ. ಹತ್ತಬಹುದಿತ್ತು. ಇಂಜೆಕ್ಷನ್ ಬೈಕಿನ ಪೆಟ್ರೋಲ್ ಪಂಪ್ ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ತಳ್ಳುತ್ತದೆ. ಇಂಜಿನ್ ತಿರುಗುತ್ತಿದೆ ಎಂಬ ಸಂಕೇತ ಸಿಗುತ್ತಿರುವಷ್ಟು ಹೊತ್ತೂ ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಪಂಪನ್ನು ನಿಲ್ಲಿಸುವುದಿಲ್ಲ. ಬಿದ್ದ ಹೊಡೆತಕ್ಕೆ ಪೈಪ್ ಕಿತ್ತುಹೋಗಿದ್ದರೆ ಅದರ ತುದಿಯಿಂದ ಪೆಟ್ರೋಲ್ ಸಿಡಿಯುವುದು ಪಕ್ಕದಲ್ಲೇ ಇರುವ ಕಾದ ಸೈಲೆನ್ಸರ್ ಪೈಪಿನ ಮೇಲೆ. ಕಾರ್ಬ್ಯುರೇಟರ್ ಬೈಕಿನಲ್ಲಿ ಒತ್ತಡವಿಲ್ಲ, ಆದರೂ ಕಾರ್ಬ್ಯುರೇಟರಿನ ಪುಟ್ಟ ಬಟ್ಟಲಾದ ಫ್ಲೋಟ್ ಬೌಲಿನಲ್ಲಿರುವಷ್ಟು ಪೆಟ್ರೋಲಿನಲ್ಲಿ ಇಂಜಿನ್ ಮಲಗಿಕೊಂಡೇ ಓಡುತ್ತದೆ. ಅಲ್ಲಿ ವ್ಯಾಕ್ಯೂಮ್ ಕಾಕ್ ಇದ್ದರೆ ಇಂಜಿನ್ ನಿಂತೊಡನೆ ಪೆಟ್ರೋಲ್ ಹರಿವೂ ನಿಲ್ಲುತ್ತದೆ. ಕೈಯಿಂದ ತಿರುಗಿಸುವ ಸಾದಾ ಕಾಕ್ ಆದರೆ ಸ್ಪಾರ್ಕ್ ಕಡಿದ ಮೇಲೂ ಓವರ್‌ಫ್ಲೋ ಪೈಪಿನಿಂದ ಸೋರುತ್ತಲೇ ಇರುತ್ತದೆ. ಅಂಥ ಬೈಕಿನಲ್ಲಿ ಕಾಕ್ ಎತ್ತ ತಿರುಗಿಸಿದರೆ ಬಂದ್ ಎಂಬುದನ್ನು ಟ್ಯಾಂಕಿನ ಮೇಲೆ ದೊಡ್ಡ ಬಾಣದ ಗುರುತಿನಲ್ಲಿ ಬರೆದಿರಬೇಕು.

ಸವಾರನ ಜೇಬಿಗೆ ತಟ್ಟುವ ನಷ್ಟ ಇನ್ನೊಂದಿದೆ. ಬೈಕು ಮಗ್ಗುಲಾದಾಗ ಇಂಜಿನ್ ತಳದ ಸಂಪ್‌ನ ಆಯಿಲ್ ಒಂದು ಬದಿಗೆ ಸರಿಯುತ್ತದೆ, ಆಯಿಲ್ ಪಂಪ್ ಗಾಳಿ ಎಳೆಯತೊಡಗುತ್ತದೆ. ಆ ಸ್ಥಿತಿಯಲ್ಲಿ ಇಂಜಿನ್ ಪೂರ್ತಿ ಆರ್‌ಪಿಎಂನಲ್ಲಿ ಕೆಲವೇ ಸೆಕೆಂಡು ಓಡಿದರೂ ಕನೆಕ್ಟಿಂಗ್ ರಾಡಿನ ಬುಡದ ಬಿಗ್ ಎಂಡ್ ಬೇರಿಂಗ್‌ಗಳು ಒಣಗಿ ಸುಡಬಹುದು. ಆ ಬೈಕನ್ನು ಬೈಕುಗಳನ್ನು ಸಜ್ಜುಮಾಡುವ ಪ್ಯಾಡಾಕ್‌ಗೆ ತಂದು ಸ್ಟಾರ್ಟ್ ಮಾಡಿದಾಗ ಕೇಳಿದ್ದು ಬೇರಿಂಗ್ ಸುಟ್ಟ ಕಟಕಟ ಸದ್ದು. ಹೊರಕವಚ, ಅಂದರೆ ಫೇರಿಂಗ್ ಗೀಚಿದ್ದು, ಒಂದು ಫುಟ್‌ಪೆಗ್ ಮುರಿದದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಬಿದ್ದದ್ದರಿಂದ ಕೆಟ್ಟದ್ದು ಕಡಿಮೆ, ಬಿದ್ದ ಮೇಲೆ ಓಡಿದ್ದರಿಂದ ಕೆಟ್ಟದ್ದೇ ಹೆಚ್ಚು.

ಕಾರ್ಖಾನೆಯಿಂದ ಬಂದಾಗ ಆ ಬೈಕಿನಲ್ಲಿ ಟಿಪ್-ಓವರ್ ಸೆನ್ಸರ್ ಇತ್ತು. ಇಂಜೆಕ್ಷನ್ ಇರುವ ಬಹುತೇಕ ಸ್ಪೋರ್ಟ್ಸ್ ಬೈಕುಗಳಲ್ಲಿ ಇರುತ್ತದೆ. ಕೆಲವು ಕಂಪನಿಗಳು ಅದನ್ನೇ ಲೀನ್ ಆಂಗಲ್ ಸೆನ್ಸರ್, ಬ್ಯಾಂಕ್ ಆಂಗಲ್ ಸೆನ್ಸರ್ ಎನ್ನುತ್ತವೆ. ಬೈಕು ಸುಮಾರು 60ರಿಂದ 65 ಡಿಗ್ರಿ ದಾಟಿ ವಾಲಿ ಹಾಗೇ ಉಳಿದರೆ ಅದು ಇಸಿಯುಗೆ ತಿಳಿಸುತ್ತದೆ, ಇಸಿಯು ಇಂಜೆಕ್ಟರ್, ಸ್ಪಾರ್ಕ್, ಪಂಪ್ ಎಲ್ಲವನ್ನೂ ನಿಲ್ಲಿಸುತ್ತದೆ. ಹಾಗಿದ್ದ ಸೆನ್ಸರ್ ಯಾಕೆ ಕೆಲಸ ಮಾಡಲಿಲ್ಲ? ಫೇರಿಂಗ್ ಬಿಚ್ಚಿದಾಗ ಗೊತ್ತಾಯಿತು. ರೇಸ್ ವೈರಿಂಗ್ ಹಾಕುವಾಗ ಸೆನ್ಸರನ್ನು ಅದರ ಬ್ರಾಕೆಟ್‌ನಿಂದ ಬಿಚ್ಚಿ ಮುಂದಿನ ಫೇರಿಂಗ್ ಹಿಡಿದಿಡುವ ಸ್ಟೇಗೆ ಒಂದು ಪ್ಲಾಸ್ಟಿಕ್ ಟೈನಲ್ಲಿ ಕಟ್ಟಿದ್ದರು. ಬಿದ್ದಾಗ ಸ್ಟೇ ಮುರಿದು ಟೈ ಹರಿದಿತ್ತು. ಸೆನ್ಸರ್ ತನ್ನ ವೈರಿನಲ್ಲೇ ಜೋತುಬಿದ್ದಿತ್ತು, ಅದೂ ನೇರವಾಗಿ. ಬೈಕು ಮಲಗಿದ್ದರೂ ಇಸಿಯು ಪಾಲಿಗೆ ಅದು ನೆಟ್ಟಗೆ ನಿಂತೇ ಇತ್ತು.

ಸೆನ್ಸರ್ ಸ್ಥಳ ಬದಲಿಸುವವರು ಇದನ್ನು ಗಮನಿಸಬೇಕು. ಅದು ಅಲುಗಾಡದ ಲೋಹದ ಭಾಗಕ್ಕೆ, ಮುಖ್ಯ ಫ್ರೇಮಿಗೋ ಸಬ್‌ಫ್ರೇಮಿಗೋ, ಎರಡು ಬೋಲ್ಟ್‌ಗಳಲ್ಲಿ ಕೂರಬೇಕು. ಅದರ ಮೈಮೇಲಿನ ಮೇಲ್ಮುಖದ ಗುರುತು ಮೇಲಕ್ಕೇ ಇರಬೇಕು. ಕಂಪನ ತಡೆಯುವ ರಬ್ಬರ್ ಬುಷ್ ಇದ್ದರೆ ಅದನ್ನು ಎಸೆಯಬಾರದು. ಇನ್ನು ಕೆಲವರು ಸೆನ್ಸರನ್ನೇ ತೆಗೆದು ಕನೆಕ್ಟರ್‌ಗೆ ರೆಸಿಸ್ಟರ್ ಹಾಕಿ, ಸದಾ ನೆಟ್ಟಗಿರುವ ವೋಲ್ಟೇಜನ್ನು ಇಸಿಯುಗೆ ಉಣಿಸುತ್ತಾರೆ. ಟ್ಯೂನಿಂಗ್ ಸಾಫ್ಟ್‌ವೇರ್‌ನಲ್ಲಿ ಆ ಇನ್‌ಪುಟ್ ಆಫ್ ಮಾಡುವವರೂ ಉಂಟು. ಹೊರಗಿನಿಂದ ನೋಡಿದರೆ ಇದು ಕಾಣುವುದೇ ಇಲ್ಲ.

ತೆಗೆಯಲು ಕೊಡುವ ಕಾರಣ ಹೆಚ್ಚಾಗಿ ಒಂದೇ. "ಸರ್, ಅದಿದ್ರೆ ಕಾರ್ನರ್‌ನಲ್ಲಿ ಜಾಸ್ತಿ ಮಲಗಿಸಿದಾಗ ಇಂಜಿನ್ ಆಫ್ ಆಗುತ್ತೆ" ಎಂದ ಅಂದು ಬಿದ್ದ ಸವಾರನೂ. ಇದು ತಪ್ಪು ತಿಳುವಳಿಕೆ. ಸೆನ್ಸರಿನೊಳಗಿನ ಲೋಲಕ ಅಳೆಯುವುದು ನೆಲಕ್ಕೂ ಬೈಕಿಗೂ ಇರುವ ಕೋನವನ್ನಲ್ಲ. ತಿರುವಿನಲ್ಲಿ ಗುರುತ್ವ ಕೆಳಕ್ಕೂ ಕೇಂದ್ರಾಪಗಾಮಿ ಬಲ ಹೊರಕ್ಕೂ ಎಳೆಯುತ್ತವೆ, ಎರಡೂ ಕೂಡಿದ ಬಲ ಹೆಚ್ಚುಕಡಿಮೆ ಬೈಕಿನ ಉದ್ದನೆಯ ಸಮತಲದಲ್ಲೇ ಹಾಯುತ್ತದೆ. ಹಾಗಿಲ್ಲದಿದ್ದರೆ ಬೈಕು ನಿಲ್ಲದೆ ಬಿದ್ದೇ ಹೋಗುತ್ತಿತ್ತು. ಆದ್ದರಿಂದ 50 ಡಿಗ್ರಿ ವಾಲಿದರೂ ಲೋಲಕಕ್ಕೆ ಬೈಕು ಬಹುಮಟ್ಟಿಗೆ ನೆಟ್ಟಗೇ. ಚಕ್ರದ ಹಿಡಿತ ತಪ್ಪಿ ಬೈಕು ಮಗ್ಗುಲಾದ ಮೇಲೆ ಮಾತ್ರ ಗುರುತ್ವ ಅಡ್ಡಲಾಗಿ ಎಳೆಯುತ್ತದೆ. ಅದಕ್ಕೂ ಸೆನ್ಸರ್ ತಕ್ಷಣ ಕಡಿಯುವುದಿಲ್ಲ, ಸ್ವಲ್ಪ ಹೊತ್ತು ಕಾಯುತ್ತದೆ, ಟ್ರ್ಯಾಕಿನ ಅಂಚಿನ ಕರ್ಬ್ ಮೇಲೆ ಹಾರಿದ ಒಂದು ಕುಲುಕಿಗೆ ಇಂಜಿನ್ ಹೋಗಬಾರದಲ್ಲ. ಸರಿಯಾಗಿ ಕೂರಿಸಿದ ಸೆನ್ಸರ್ ತಿರುವಿನಲ್ಲಿ ಇಂಜಿನ್ ಆಫ್ ಮಾಡಿದರೆ ದೋಷ ಕನೆಕ್ಟರ್‌ನಲ್ಲೋ ಬುಷ್‌ನಲ್ಲೋ ಇರುತ್ತದೆ, ಹುಡುಕಿ ಸರಿಪಡಿಸಬೇಕು.

ಹಾಗಾದರೆ ಹಗ್ಗದ ಸ್ವಿಚ್, ಟೆದರ್? ಸವಾರನ ಮಣಿಕಟ್ಟಿಗೆ ಒಂದು ತುದಿ, ಹ್ಯಾಂಡಲ್ ಮೇಲಿನ ಸ್ವಿಚ್ಚಿಗೆ ಇನ್ನೊಂದು ತುದಿ. ಸವಾರ ಬೇರೆಯಾದ ಕ್ಷಣವೇ ಮುಚ್ಚಳ ಕಿತ್ತು ಸ್ಪಾರ್ಕ್ ಕಡಿಯುತ್ತದೆ. ಸ್ಪೀಡ್‌ವೇ, ಟ್ರಯಲ್ಸ್, ಸೈಡ್‌ಕಾರ್ ರೇಸುಗಳಲ್ಲಿ ಅಂತಾರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ ಎಫ್‌ಐಎಂ ಇದನ್ನು ಕಡ್ಡಾಯ ಮಾಡಿದೆ, ಕಾರಣವೂ ಸ್ಪಷ್ಟ. ಅಂಡಾಕಾರದ ಮಣ್ಣಿನ ಟ್ರ್ಯಾಕಿನಲ್ಲಿ ಓಡುವ ಸ್ಪೀಡ್‌ವೇ ಬೈಕಿಗೆ ಬ್ರೇಕೇ ಇಲ್ಲ, ಓಡುವುದು ಮೆಥನಾಲ್‌ನಲ್ಲಿ, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಟ್ರಯಲ್ಸ್‌ನಲ್ಲಿ ಬಂಡೆಯ ಮೇಲಿಂದ ಬಿದ್ದ ಬೈಕು ಸವಾರನ ಮೇಲೆಯೇ ಬರುತ್ತದೆ. ಸೈಡ್‌ಕಾರ್ ಮೂರು ಚಕ್ರದ್ದು, ಚಾಲಕ ಬಿದ್ದರೂ ಅದು ಬೀಳದೆ ಓಡುತ್ತಲೇ ಇರಬಹುದು, ವಾಲುವ ಸೆನ್ಸರ್‌ನಿಂದ ಅಲ್ಲಿ ಉಪಯೋಗವಿಲ್ಲ. ಡ್ರ್ಯಾಗ್ ರೇಸಿಗೂ ಇದೇ ಮಾತು, ಸವಾರ ಬಿದ್ದ ಮೇಲೂ ಬೈಕು ನೇರ ದಾರಿಯಲ್ಲಿ ಒಂಟಿಯಾಗಿ ಓಡಬಲ್ಲದು.

ಸರ್ಕ್ಯೂಟ್‌ನಲ್ಲಿ ಓಡುವ, ಸೈಡ್‌ಕಾರ್ ಇಲ್ಲದ ಬೈಕಿಗೆ ಮಾತ್ರ ಹಗ್ಗವನ್ನು ಕಡ್ಡಾಯ ಮಾಡಬಾರದು ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ಸವಾರ ಪ್ರತಿ ತಿರುವಿಗೂ ಸೀಟಿನಿಂದ ಆಚೆ ಈಚೆ ಇಳಿಯುತ್ತಾನೆ, ಬ್ರೇಕ್ ಹಾಕುವಾಗ ಮೈ ಎತ್ತುತ್ತಾನೆ. ಹಗ್ಗ ಗಿಡ್ಡವಾದರೆ ಗುಂಪಿನ ನಡುವೆ ಕಿತ್ತು ಬರುತ್ತದೆ, ಮುಂದಿನ ಬೈಕು ದಿಢೀರನೆ ಎಳೆತ ಕಳೆದುಕೊಂಡರೆ ಹಿಂದಿನವನಿಗೆ ತಪ್ಪಿಸಿಕೊಳ್ಳಲು ಜಾಗವಿರದು. ಉದ್ದವಾದರೆ ಬ್ರೇಕ್ ಲಿವರಿಗೆ, ಫೇರಿಂಗ್ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಸುರುಳಿ ಕೇಬಲ್ ಬಳಸುವ ಕಡೆ ಅದು ಪೂರ್ತಿ ಎಳೆದಾಗ 1 ಮೀಟರ್ ಮೀರಬಾರದೆಂಬ ಎಫ್‌ಐಎಂ ಮಿತಿಯೂ ಇದೆ. ಹಾಗೆಂದು ಸೆನ್ಸರ್ ಒಂದೇ ಸಾಕೆಂದೂ ಹೇಳುವುದಿಲ್ಲ. ಟೈರ್ ಗೋಡೆಗೆ ಒರಗಿ 40 ಡಿಗ್ರಿಯಲ್ಲಿ ನಿಂತ ಬೈಕಿನಲ್ಲಿ, ಜಲ್ಲಿಯಲ್ಲಿ ನೆಟ್ಟಗೆ ಹೂತ ಬೈಕಿನಲ್ಲಿ ಸೆನ್ಸರ್ ಸುಮ್ಮನಿರುತ್ತದೆ. ಅಂಥ ಕಡೆ ಕಿಲ್ ಸ್ವಿಚ್ ಕೈಗೆ ಸಿಗುವ ಸಾಧ್ಯತೆಯೂ ಹೆಚ್ಚು, ಅದಕ್ಕಾಗಿಯೇ ಅದು ಕೆಂಪಾಗಿ, ಸುತ್ತ ಏನೂ ಅಡ್ಡವಿಲ್ಲದೆ ಇರಬೇಕು.

ಹಳೆಯ ಕಾರ್ಬ್ಯುರೇಟರ್ ಬೈಕುಗಳ ಪ್ರಶ್ನೆ ನಿಜಕ್ಕೂ ಕಷ್ಟದ್ದು, ಅವುಗಳಲ್ಲಿ ಹೆಚ್ಚಿನವಕ್ಕೆ ಸೆನ್ಸರೇ ಇಲ್ಲ. ಪ್ರತ್ಯೇಕ ಟಿಲ್ಟ್ ಸ್ವಿಚ್ ಹಾಕಬಹುದು. ಆದರೆ ಒಳಗೆ ಲೋಹದ ಗುಂಡು ಉರುಳುವ ಅಗ್ಗದ ಸ್ವಿಚ್ ಕಂಪನಕ್ಕೆ ಪಟಪಟನೆ ಬಡಿದುಕೊಳ್ಳುತ್ತದೆ, ನಡುವೆ ಒಂದು ಸೆಕೆಂಡಿನಷ್ಟು ತಡಮಾಡುವ ಟೈಮರ್ ರಿಲೇ ಇರಲೇಬೇಕು. ವೈರಿಂಗ್‌ನಲ್ಲಿ ತಪ್ಪಾಗುವುದೂ ಇಲ್ಲೇ. ಬ್ಯಾಟರಿ ಇಗ್ನಿಷನ್ ಬೈಕಿನಲ್ಲಿ ಕಿಲ್ ಸ್ವಿಚ್ ಕಾಯಿಲ್‌ಗೆ ಹೋಗುವ ಕರೆಂಟಿನ ದಾರಿಯಲ್ಲಿ ಸರಣಿಯಾಗಿರುತ್ತದೆ, ತೆರೆದರೆ ಇಂಜಿನ್ ಬಂದ್. ಬಿದ್ದಾಗ ವೈರ್ ಹರಿದರೂ ಬಂದ್. ಸ್ಪಾರ್ಕಿನ ಕರೆಂಟನ್ನು ಇಂಜಿನ್ ತಿರುಗುವುದರಿಂದಲೇ ಪಡೆಯುವ, ಬ್ಯಾಟರಿ ಇಲ್ಲದ ಸಿಡಿಐ, ಮ್ಯಾಗ್ನೆಟೊ ಬೈಕಿನಲ್ಲಿ ಇದು ತಿರುವುಮುರುವು. ಅಲ್ಲಿ ಕಿಲ್ ವೈರ್ ಅರ್ತ್ ಆದರೆ ಮಾತ್ರ ಇಂಜಿನ್ ನಿಲ್ಲುತ್ತದೆ, ಆ ವೈರ್ ಹರಿದರೆ ಯಾವ ಸ್ವಿಚ್ ಒತ್ತಿದರೂ ನಿಲ್ಲುವುದಿಲ್ಲ. ಆದ್ದರಿಂದ ಟೆದರ್ ಕೊಳ್ಳುವಾಗಲೇ ಯಾವ ಬಗೆಯ ಸ್ವಿಚ್ ಎಂದು ನೋಡಬೇಕು, ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಹಗ್ಗ ಕಿತ್ತಾಗ ಇಂಜಿನ್ ಓಡುತ್ತದೆ, ಸಿಕ್ಕಿಸಿದಾಗ ನಿಲ್ಲುತ್ತದೆ. ಸಿಡಿಐ ಬೈಕಿನಲ್ಲಿ ಅರ್ತ್ ವೈರನ್ನು ಬಣ್ಣ ಬಳಿದ ಬೋಲ್ಟ್‌ಗೆ ಕಟ್ಟದೆ ನೇರವಾಗಿ ಇಂಜಿನ್ ಕೇಸಿಗೇ ತರಬೇಕು. ಹಗ್ಗ ಕಿತ್ತ ಸ್ಥಿತಿಯಲ್ಲಿ ಕಿಲ್ ವೈರಿಗೂ ಇಂಜಿನ್ ಕೇಸಿಗೂ ನಡುವೆ ಮಲ್ಟಿಮೀಟರ್ 1 ಓಮ್‌ಗಿಂತ ಕಡಿಮೆ ತೋರಿಸಿದರೆ ಸರಿ.

ಪಂಪ್ ಕರೆಂಟನ್ನು ಪುಟ್ಟ ಸ್ವಿಚ್ಚಿನ ಮೂಲಕವೇ ಹರಿಸುವುದು ಮತ್ತೊಂದು ತಪ್ಪು. ಪಂಪ್ 4ರಿಂದ 5 ಆಂಪಿಯರ್ ಎಳೆಯುತ್ತದೆ, ಸ್ವಿಚ್ಚಿನ ಸಂಪರ್ಕ ಬಿಂದುಗಳು ಕೆಲವೇ ರೇಸಿನಲ್ಲಿ ಸುಟ್ಟು ಅಂಟಿಕೊಳ್ಳಬಹುದು. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಿಯಂತ್ರಿಸುವ ರಿಲೇ ಹಾಕಿ, ಸ್ವಿಚ್ ಅದರ ಕಾಯಿಲನ್ನು ಮಾತ್ರ ಕಡಿಯಲಿ, ಅದಕ್ಕೆ 0.2 ಆಂಪಿಯರ್ ಒಳಗೇ ಸಾಕು. ಆ ಕಾಯಿಲಿಗೆ ಕರೆಂಟ್ ಇದ್ದರೆ ಮಾತ್ರ ಪಂಪ್ ಓಡುವ ರೀತಿ ಜೋಡಿಸಿದರೆ, ಯಾವ ವೈರ್ ಹರಿದರೂ ಪಂಪ್ ನಿಲ್ಲುತ್ತದೆ.

ತಾನಾಗಿ ಆಫ್ ಆಗುವ ವ್ಯವಸ್ಥೆ ಕಡ್ಡಾಯ ಆಗಬೇಕೇ ಎಂದರೆ, ಹೌದು. ಆದರೆ "ಸಾಧನ ಅಳವಡಿಸಿರಬೇಕು" ಎಂಬ ಒಂದು ಸಾಲಿನ ನಿಯಮ ನಮಗೆ ಬೇಡ. ಆ ಸಾಲಿನ ಪ್ರಕಾರ ಬೆಳಿಗ್ಗೆ ಆ 600 ಸಿಸಿ ಬೈಕೂ ಪಾಸಾಗುತ್ತಿತ್ತು, ಸೆನ್ಸರ್ ಇತ್ತಲ್ಲ. ನಿಯಮ ಹೇಳಬೇಕಾದ್ದು ಫಲಿತಾಂಶವನ್ನು: ಬೈಕು ಯಾವ ಮಗ್ಗುಲಿಗೆ ಬಿದ್ದರೂ ಕೆಲವೇ ಸೆಕೆಂಡಿನಲ್ಲಿ ಇಂಜಿನ್ ಮತ್ತು ಪಂಪ್ ಎರಡೂ ನಿಲ್ಲಬೇಕು, ಅದನ್ನು ರೇಸಿಗೆ ಮುನ್ನ ಬೈಕು ತಪಾಸಣೆ ಮಾಡುವ ಸ್ಕ್ರೂಟಿನಿಯಲ್ಲಿ ತೋರಿಸಬೇಕು. ಇಂಜೆಕ್ಷನ್ ಬೈಕುಗಳಿಗೆ ಇದು ಈಗಲೇ ಬರಲಿ, ಬೇಕಾದ ಭಾಗ ಬೈಕಿನ ಜೊತೆಗೇ ಬಂದಿರುತ್ತದೆ. ಕಾರ್ಬ್ಯುರೇಟರ್ ಬೈಕುಗಳಿಗೆ ಒಂದು ಸೀಸನ್ ಕಾಲಾವಕಾಶ ಕೊಟ್ಟು, ಟಿಲ್ಟ್ ಸ್ವಿಚ್ ಅಥವಾ ಟೆದರ್ ಎರಡರಲ್ಲೊಂದನ್ನು ಸವಾರನ ಆಯ್ಕೆಗೆ ಬಿಡಲಿ.

ತೋರಿಸುವುದು ಕಷ್ಟವಲ್ಲ. ಬೈಕನ್ನು ಪ್ಯಾಡಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಐಡಲ್ ಓಡಿಸಿ, ಸೆನ್ಸರಿನ ಎರಡು ಬೋಲ್ಟ್ ಬಿಚ್ಚಿ ಕೈಯಲ್ಲಿ ಹಿಡಿದು ಎಡಕ್ಕೆ 90 ಡಿಗ್ರಿ ತಿರುಗಿಸಿ ಹಾಗೇ ಹಿಡಿಯಬೇಕು. ಇಂಜಿನ್ ನಿಲ್ಲಬೇಕು, ಪಂಪಿನ ಗುಂಯ್ ಸದ್ದೂ ನಿಲ್ಲಬೇಕು. ಇಗ್ನಿಷನ್ ಆಫ್ ಮಾಡಿ ಆನ್ ಮಾಡದೆ ಹಲವು ಬೈಕುಗಳು ಮತ್ತೆ ಸ್ಟಾರ್ಟ್ ಆಗುವುದಿಲ್ಲ, ಅದು ದೋಷವಲ್ಲ. ಮತ್ತೆ ಬಲಕ್ಕೆ ಅದೇ ಪರೀಕ್ಷೆ. ಎರಡು ಬದಿಗೂ ನೋಡಲೇಬೇಕು. ನಿಲ್ಲದಿದ್ದರೆ ಸೆನ್ಸರಿನ ಸಿಗ್ನಲ್ ವೈರಿನಲ್ಲಿ ವೋಲ್ಟೇಜ್ ಅಳೆಯಿರಿ. ಹಲವು ಬೈಕುಗಳ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೆಟ್ಟಗಿದ್ದಾಗ 0.4ರಿಂದ 1.4 ವೋಲ್ಟ್, 65 ಡಿಗ್ರಿ ದಾಟಿದಾಗ 3.7ರಿಂದ 4.4 ವೋಲ್ಟ್ ಎಂದಿರುತ್ತದೆ. ವೋಲ್ಟೇಜ್ ಬದಲಾದರೂ ಇಂಜಿನ್ ಓಡುತ್ತಿದ್ದರೆ ಇಸಿಯು ಸಾಫ್ಟ್‌ವೇರ್‌ನಲ್ಲಿ ಅದನ್ನು ಆಫ್ ಮಾಡಿರಬಹುದು. ಟೆದರ್ ಆದರೆ ನೇರವಾಗಿ ಒಮ್ಮೆ, ಅಡ್ಡಲಾಗಿ ಒಮ್ಮೆ ಎಳೆದು ನೋಡಬೇಕು. ಕ್ಲಿಪ್ ಬಗೆಯವು ಅಡ್ಡ ಎಳೆತಕ್ಕೆ ಕಚ್ಚಿಕೊಳ್ಳುತ್ತವೆ, ಮ್ಯಾಗ್ನೆಟ್ ಮುಚ್ಚಳದವು ಬಿಟ್ಟುಕೊಡುತ್ತವೆ. ಆದರೆ ಮ್ಯಾಗ್ನೆಟ್‌ಗೆ ಕಬ್ಬಿಣದ ಪುಡಿ ಮೆತ್ತಿಕೊಳ್ಳುತ್ತದೆ, ಪ್ರತಿ ಸಲ ಒರೆಸಬೇಕು.

ಇಷ್ಟಕ್ಕೆಲ್ಲ ಒಂದು ಬೈಕಿಗೆ ಐದು ನಿಮಿಷ ಸಾಕು, ಸೆನ್ಸರ್ ಕೈಗೆ ಸಿಗುವಂತೆ ಇದ್ದರೆ. ಟ್ಯಾಂಕ್ ಎತ್ತಿದರೆ ಮಾತ್ರ ಸಿಗುವ ಬೈಕುಗಳವರು ಹಿಂದಿನ ದಿನವೇ ಪರೀಕ್ಷೆಗೆ ತರಲಿ. ಬಿದ್ದ ಬೈಕು ಮುಂದಿನ ಸೆಷನ್‌ಗೆ ಇಳಿಯುವ ಮುನ್ನ ಬ್ರೇಕ್, ಹ್ಯಾಂಡಲ್, ಆಯಿಲ್ ಸೋರಿಕೆಯ ಜೊತೆಗೆ ಇದನ್ನೂ ಮತ್ತೊಮ್ಮೆ ನೋಡಬೇಕು. ಮೊದಲ ಬೀಳುವಿಕೆಯಲ್ಲಿ ಕೆಲಸ ಮಾಡಿದ ಸೆನ್ಸರಿನ ಬ್ರಾಕೆಟ್ ಅದೇ ಏಟಿಗೆ ಬಿರುಕು ಬಿಟ್ಟಿರಬಹುದು, ಕನೆಕ್ಟರ್ ಅರ್ಧ ಕಿತ್ತಿರಬಹುದು.