ಸೋಗು ಹಾಕೋದು ನಮ್ಮೂರಿಗೇನು ಹೊಸದಾ?

ಆಗಸ್ಟ್ ಹತ್ತಿರ ಬಂತಂದ್ರೆ ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಗದ್ದಲ. ಛದ್ಮವೇಷ ಸ್ಪರ್ಧೆ ಇದೆ, ಡ್ರೆಸ್ ಎಲ್ಲಿ ಬಾಡಿಗೆಗೆ ಸಿಗುತ್ತೆ, ಅಡ್ವಾನ್ಸ್ ಎಷ್ಟು ಕೇಳ್ತಾರೆ, ಯಾವಾಗ ವಾಪಸ್ ಕೊಡಬೇಕು. ನನಗೆ ಈ ಬಾಡಿಗೆ ಡ್ರೆಸ್ ಕಂಡರೆ ಆಗಲ್ಲ. ಮೈ ಚುಚ್ಚುವ ಜರಿ, ಯಾರದೋ ಬೆವರಿನ ವಾಸನೆ, ಮಗು ಅದರೊಳಗೆ ಎಲ್ಲಿದೆ ಅಂತ ಹುಡುಕಬೇಕು. ಅದೂ ಬಾಗಲಕೋಟೆಯಲ್ಲಿ ಇದ್ದುಕೊಂಡು! ಹೋಳಿ ಬಂದರೆ ಇಲ್ಲಿ ದೊಡ್ಡವರೇ ಸೋಗು ಹಾಕಿಕೊಂಡು ಬಂಡಿ ಏರುತ್ತಾರೆ, ಸುತ್ತ ಹಲಗೆ ಸದ್ದು, ಒಂದು ಸೀರೆ, ಒಂದು ಧೋತರ, ಮುಖಕ್ಕಿಷ್ಟು ಬಣ್ಣ, ಅಷ್ಟರಲ್ಲೇ ಇದು ಯಾರ ವೇಷ ಅಂತ ಜನಕ್ಕೆ ಗೊತ್ತಾಗಿಬಿಡುತ್ತೆ. ಮಕ್ಕಳಿಗೆ ಮಾತ್ರ ಯಾಕೆ ಅಂಗಡಿ?

ಒಂದು ಗುರುತಿನ ವಸ್ತು ಸರಿಯಾಗಿದ್ದರೆ ಸಾಕು, ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ಸಂಗೊಳ್ಳಿ ರಾಯಣ್ಣನನ್ನೇ ತಗೊಳ್ಳಿ. ಹುಟ್ಟಿದ್ದು 1798ರ ಆಗಸ್ಟ್ 15, ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26. ಹಾಗಾಗಿ ಎರಡೂ ಹಬ್ಬಕ್ಕೆ ನಮ್ಮ ಕಡೆ ಶಾಲೆಗೆ ನಾಲ್ಕೈದು ರಾಯಣ್ಣರು ಗ್ಯಾರಂಟಿ. ಅಜ್ಜನ ರುಮಾಲು, ಹೆಗಲಿಗೊಂದು ಕಂಬಳಿ, ಕೈಗೆ ಕತ್ತಿ. ಮುಗಿಯಿತು.

ಕತ್ತಿಯನ್ನು ಮಕ್ಕಳ ಕೈಲೇ ಮಾಡಿಸಿ. ಅಂಗಡಿಯಿಂದ ತಂದ ರಟ್ಟಿನ ಡಬ್ಬಿ ಸಾಕು. ಆದರೆ ಕತ್ತರಿ ಹಾಕುವ ಮೊದಲು ರಟ್ಟಿನ ಅಂಚು ತೋರಿಸಿ. ಎರಡು ಹಾಳೆಗಳ ನಡುವೆ ಅಲೆಅಲೆಯಾಗಿ ಇನ್ನೊಂದು ಹಾಳೆ ಇರುತ್ತೆ ನೋಡಿ, ಅದರಿಂದಾಗಿ ಒಳಗೆ ಸಣ್ಣ ಸಣ್ಣ ಕೊಳವೆಗಳು ಆಗಿರುತ್ತವೆ. ಆ ಕೊಳವೆಗಳು ಕತ್ತಿಯ ಉದ್ದಕ್ಕೆ ಬರಬೇಕು. ಅಡ್ಡಡ್ಡ ಬಂದರೆ ಒಂದು ಸಲ ಬೀಸಿದ್ದೇ ತಡ, ರಾಯಣ್ಣನ ಕತ್ತಿ ನಡುವಿಗೇ ಮಡಚಿಕೊಳ್ಳುತ್ತೆ. ಕಿರೀಟಕ್ಕೆ ಕೊಳವೆಗಳು ನೆಟ್ಟಗೆ ನಿಲ್ಲಬೇಕು, ಆಗ ರಟ್ಟು ಸೊಟ್ಟಪಟ್ಟ ಮುರಿಯದೆ ತಲೆ ಸುತ್ತ ನೀಟಾಗಿ ಬಾಗುತ್ತೆ. ಅಂಟಿಗೆ ಮೈದಾ ಹಿಟ್ಟು ನೀರಲ್ಲಿ ಕಲಸಿ, ಸಣ್ಣ ಉರಿಯಲ್ಲಿ ಗಂಟಾಗದಂತೆ ಕೈಯಾಡಿಸಿ. ಅದನ್ನು ಹಿಂದಿನ ದಿನವೇ ಹಚ್ಚಬೇಕು, ಒಣಗೋಕೆ ಟೈಮ್ ಬೇಕು.

ಚೆನ್ನಮ್ಮನಿಗೆ ಇಳಕಲ್ ಸೀರೆ ಇಲ್ಲದಿದ್ದರೆ ನಡೆಯುತ್ತಾ? ಅಮ್ಮನ ಸೀರೆ ಪುಟ್ಟ ಹುಡುಗಿಗೆ ಸಮುದ್ರ ಆಗುತ್ತೆ, ಹಾಗಂತ ದಯವಿಟ್ಟು ಕತ್ತರಿಸಬೇಡಿ. ಅಗಲವನ್ನು ಅರ್ಧಕ್ಕೆ ಮಡಚಿ, ಸೊಂಟಕ್ಕೆ ಗಟ್ಟಿ ಲಾಡಿ ಕಟ್ಟಿ, ಆಮೇಲೆ ಕಚ್ಚೆ ಹಾಕಿ. ಇಳಕಲ್ ಸೀರೆಯಲ್ಲಿ ಒಡಲಿಗೆ ಒಂದು ಹಾಸು, ಅಂದರೆ ಮಗ್ಗದ ಉದ್ದೆಳೆಗಳು, ಸೆರಗಿಗೆ ಇನ್ನೊಂದು ಹಾಸು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಜಾಗಕ್ಕೆ ಪಿನ್ ಚುಚ್ಚಬಾರದು, ಬೇರೆ ಕಡೆ ಚುಚ್ಚುವಾಗಲೂ ಹಿಂದೆ ಒಂದು ತುಂಡು ಬಟ್ಟೆ ಇಟ್ಟರೆ ತೂತು ದೊಡ್ಡದಾಗಲ್ಲ. ಒಳಗೆ ಲೆಗ್ಗಿಂಗ್ಸ್ ಇರಲಿ. ಸರದಿ ಬರುವ ಹೊತ್ತಿಗೆ ಸರಿಯಾಗಿ ಒಂದಕ್ಕೆ ಹೋಗಬೇಕು ಅಂದರೆ ಕಚ್ಚೆ ಬಿಚ್ಚಿ ಕಟ್ಟುವ ಕಷ್ಟ ಏನು ಅಂತ ಚೆನ್ನಮ್ಮಂದಿರ ತಾಯಂದಿರನ್ನೇ ಕೇಳಬೇಕು.

ಯಾರ ವೇಷ ಅನ್ನೋದನ್ನು ಮಾತ್ರ ಮಗುವೇ ಹೇಳಲಿ. ನನ್ನ ಮಗ ಈ ಸಲ "ನಾ ಎತ್ತು ಆಗ್ತೀನಿ" ಅಂದ. ಕಾರಹುಣ್ಣಿಮೆಯಲ್ಲಿ ನೋಡಿದ್ದು ತಲೆಯಿಂದ ಇಳಿದಿರಲಿಲ್ಲ. ಪೇಪರ್ ಬಿಗಿಯಾಗಿ ಸುತ್ತಿ, ಬಗ್ಗಿಸಿ, ಟೇಪ್ ಹಾಕಿ ಎರಡು ಕೋಡು ಮಾಡಿದೆವು. ಅವನ್ನು ತಲೆಗೆ ಕಟ್ಟುವ ಬಟ್ಟೆಪಟ್ಟಿಗೆ ಹೊಲಿದೆ. ಒಂದು ಕೋಡು ಕೆಂಪು, ಒಂದು ಹಸಿರು, ಅದು ಅವನದೇ ತೀರ್ಮಾನ. ಬೆನ್ನಿಗೆ ಹಳೆ ಚಾದರದ ಝೂಲ, ಅಂಚಿಗೆ ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿದ್ದ ಗುಳೇದಗುಡ್ಡ ಖಣದ ತುಂಡು. ಬಾಲಕ್ಕೆ ಹುರಿ. ವೇದಿಕೆ ಮೇಲೆ ಎರಡು ಸಾಲು ಹೇಳಬೇಕು ಅಂತ ಟೀಚರ್ ಹೇಳಿದ್ದರು. ಎತ್ತು ಮಾತಾಡಲ್ಲ ಅಂತ ಇವನು ಒಂದೇ ಹಟ. ಕೋಡು ಅಲ್ಲಾಡಿಸಿ, ಗೆಜ್ಜೆ ಕುಣಿಸಿ ಇಳಿದು ಬಂದ. ಬಹುಮಾನ ಬರಲಿಲ್ಲ. ಚಪ್ಪಾಳೆ ಮಾತ್ರ ಜೋರಾಗಿ ಬಿತ್ತು.

ಒಂದು ವಿಷಯದಲ್ಲಿ ನಾನು ಸ್ವಲ್ಪ ಸ್ಟ್ರಿಕ್ಟ್. ಹತ್ತಿಯ ಗಡ್ಡ, ಜೋತಾಡುವ ಸೆರಗು ಹಾಕಿದ ಮಕ್ಕಳನ್ನು ವೇದಿಕೆಯ ದೀಪದ ಹತ್ತಿರ ನಿಲ್ಲಿಸಬಾರದು. ಹತ್ತಿಗೆ ಬೆಂಕಿ ತಾಗಲು ಕ್ಷಣ ಸಾಕು. ಗಡ್ಡ ಬೇಕೇ ಬೇಕು ಅಂದರೆ ಕಾಡಿಗೆಯಲ್ಲಿ ಬರೆಯಿರಿ, ಮೀಸೆಯೂ ಅದರಲ್ಲೇ ಆಗುತ್ತೆ. ತೆಗೆಯುವಾಗ ಸೋಪು ಹಾಕಿ ತಿಕ್ಕಬೇಡಿ, ಮುಖವೆಲ್ಲ ಕಪ್ಪಾಗುತ್ತೆ. ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ತೊಳೆಯಿರಿ. ಮಗು ತೆಗೆಸಿಕೊಳ್ಳೋಕೆ ಒಪ್ಪಿದರೆ, ಅಷ್ಟೇ. ರಾಯಣ್ಣನ ಮೀಸೆ ಇಟ್ಟುಕೊಂಡೇ ಮಲಗುವವರೂ ಇದ್ದಾರೆ, ದಿಂಬಿಗೆ ಹಳೆ ಕವರ್ ಹಾಕಿಡಿ.