‘ಡೀಮನ್‌ಲವರ್’ ಅರ್ಧ ಆದಮೇಲೆ ಯಾಕೆ ಅರ್ಥ ಆಗಲ್ಲ?

"ಅರ್ಧದವರೆಗೆ ಚೆನ್ನಾಗಿತ್ತು, ಆಮೇಲೆ ತಲೆಬುಡ ಗೊತ್ತಾಗಲಿಲ್ಲ. ನಿನಗಾದರೂ ಅರ್ಥ ಆಯ್ತಾ?"

‘ಡೀಮನ್‌ಲವರ್’ ನೋಡಿ ಅಂತ ನಾನು ಯಾರಿಗೆ ಹೇಳಿದರೂ ಅವರು ತಿರುಗಿ ಬಂದು ಕೇಳುವುದು ಇದನ್ನೇ. ಒಲಿವಿಯೆ ಅಸಾಯಸ್ ನಿರ್ದೇಶಿಸಿದ ಫ್ರೆಂಚ್ ಥ್ರಿಲ್ಲರ್ ಇದು. 2002ರಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿತ್ತು. (ನೋಡದವರು ಇಲ್ಲೇ ನಿಲ್ಲಿಸಿ, ಮುಂದೆ ಕಥೆಯನ್ನೆಲ್ಲ ಹೇಳಿಬಿಡುತ್ತೇನೆ.)

ನನ್ನ ಉತ್ತರ: ಶುರುವಿನ ವಿಮಾನದ ದೃಶ್ಯ ಮತ್ತೊಮ್ಮೆ ನೋಡಿ. ನಾಯಕಿ ಡಯಾನ್ ಸದ್ದಿಲ್ಲದೆ ಎದ್ದು ಹೋಗಿ ಸಹೋದ್ಯೋಗಿ ಕರೆನ್‌ಳ ನೀರಿನ ಬಾಟಲಿಗೆ ಮತ್ತಿನ ಔಷಧ ಸೇರಿಸುತ್ತಾಳೆ. ವಿಮಾನ ಇಳಿದ ಮೇಲೆ ಕರೆನ್ ಕಾರಿನ ಡಿಕ್ಕಿ ಸೇರುತ್ತಾಳೆ, ಅವಳ ಬ್ರೀಫ್‌ಕೇಸ್ ಕಳುವಾಗುತ್ತದೆ, ಅವಳ ಕೆಲಸ ಡಯಾನ್‌ಗೆ ಸಿಗುತ್ತದೆ. ಇದೆಲ್ಲ ಮಾಮೂಲಿ ಥ್ರಿಲ್ಲರ್. ಆದರೆ ಅದೇ ವಿಮಾನದಲ್ಲಿ ಟಿವಿ ಪರದೆಗಳ ಮೇಲೆ ಸ್ಫೋಟ, ಬೆಂಕಿ ನಡೆದೇ ಇದೆ. ಪ್ರಯಾಣಿಕರಿಗೆ ಗಡದ್ದು ನಿದ್ದೆ.

ಇಡೀ ಸಿನಿಮಾ ಹೀಗೇ. ವೊಲ್ಫ್ ಎಂಬವನ ಪ್ಯಾರಿಸ್ ಕಂಪನಿ ಜಪಾನಿನ ಅಶ್ಲೀಲ ಆನಿಮೇಷನ್ ಸ್ಟುಡಿಯೋ ಜೊತೆ ಒಪ್ಪಂದಕ್ಕೆ ಹೊರಟಿದೆ. ಅದನ್ನು ಇಂಟರ್ನೆಟ್ಟಿನಲ್ಲಿ ಮಾರಲು ಎರಡು ಕಂಪನಿಗಳ ಪೈಪೋಟಿ: ಮ್ಯಾಂಗಟ್ರಾನಿಕ್ಸ್ ಮತ್ತು ಅಮೆರಿಕದ ಡೀಮನ್‌ಲವರ್. ಡಯಾನ್ ಸಂಬಳ ತೆಗೆದುಕೊಳ್ಳುವುದು ವೊಲ್ಫ್ ಹತ್ತಿರ, ಗೂಢಚಾರಿಕೆ ಮಾಡುವುದು ಮ್ಯಾಂಗಟ್ರಾನಿಕ್ಸ್ ಪರವಾಗಿ. ಪರದೆ ಮೇಲೆ ಏನು ಓಡುತ್ತಿದೆ ಅನ್ನುವುದು ಇವರ್ಯಾರಿಗೂ ಬೇಕಿಲ್ಲ. ಮಾತೆಲ್ಲ ಹಕ್ಕು, ಪಾಲು, ಸಹಿ. ಡೀಮನ್‌ಲವರ್‌ಗೂ ‘ಹೆಲ್‌ಫೈರ್ ಕ್ಲಬ್’ ಎಂಬ ಸೈಟಿಗೂ ಗುಟ್ಟಿನ ನಂಟಿರುವುದು ಆಮೇಲೆ ತಿಳಿಯುತ್ತದೆ. ದುಡ್ಡು ಕಟ್ಟಿದವರು ಹೇಳಿದ ಹಾಗೆ ಹೆಂಗಸರಿಗೆ ಚಿತ್ರಹಿಂಸೆ ಕೊಡುವ ಸೈಟು ಅದು.

ಎಲ್ಲ ತಲೆಕೆಳಗಾಗುವುದು ಹೋಟೆಲ್ ಕೋಣೆಯಲ್ಲಿ. ಡೀಮನ್‌ಲವರ್ ಪರವಾಗಿ ಬಂದ ಎಲೇನ್ ಜೊತೆ ಡಯಾನ್‌ಗೆ ಭಯಂಕರ ಹೊಡೆದಾಟ. ಪ್ರಜ್ಞೆ ತಪ್ಪಿದ ಡಯಾನ್‌ಗೆ ಎಚ್ಚರವಾದಾಗ ಕೋಣೆ ಸ್ವಚ್ಛ, ಏನೂ ನಡೆದೇ ಇಲ್ಲ ಎಂಬಂತೆ. ಅಲ್ಲಿಂದ ಮುಂದೆ ತಾನು ಯಾರ ಆಳು ಅನ್ನುವುದು ಅವಳಿಗೇ ಗೊತ್ತಿಲ್ಲ. ತನ್ನ ಕೈಕೆಳಗಿದ್ದ ಎಲೀಸ್ ಈಗ ತನಗೇ ಅಪ್ಪಣೆ ಕೊಡುತ್ತಾಳೆ. ನೀವು ದಾರಿ ತಪ್ಪಿದ್ದೂ ಅಲ್ಲೇ ಅಲ್ವಾ? ಅವಳಿಗಿಂತ ಜಾಸ್ತಿ ನಮಗೆ ಹೇಳಲು ಅಸಾಯಸ್ ತಯಾರಿಲ್ಲ.

ಹಾಗಂತ ಎಲ್ಲ ಗಂಟೂ ಬಿಚ್ಚುತ್ತದೆ ಅಂತಲ್ಲ. ಡಯಾನ್‌ಳ ಸಹೋದ್ಯೋಗಿ ಹೆರ್ವೆಯ ಪಾತ್ರ ನನಗೆ ಇವತ್ತಿಗೂ ಸಡಿಲ ಅನ್ನಿಸುತ್ತದೆ. ಸೋನಿಕ್ ಯೂತ್ ಬ್ಯಾಂಡಿನ ಗೊರಗೊರ ಗಿಟಾರ್ ಇಲ್ಲದಿದ್ದರೆ ಕೆಲವು ಜಾಗದಲ್ಲಿ ನಾನೂ ಎದ್ದು ಹೋಗುತ್ತಿದ್ದೆನೇನೋ.

ಆದರೆ ಕೊನೆ ದೃಶ್ಯ ಮಾತ್ರ ಬಿಡಬೇಡಿ. ಅಮೆರಿಕದ ಒಂದು ಮನೆ. ಹುಡುಗನೊಬ್ಬ ಅಪ್ಪನ ಕ್ರೆಡಿಟ್ ಕಾರ್ಡ್ ಕದ್ದು ಹೆಲ್‌ಫೈರ್ ಕ್ಲಬ್ಬಿಗೆ ಹೋಗುತ್ತಾನೆ. ಈಗ ಅಲ್ಲಿ ಸೆರೆಯಾಗಿರುವವಳು ಡಯಾನ್. ಪರದೆಯೊಳಗಿಂದ ನೆಟ್ಟಗೆ ನೋಡುತ್ತಿದ್ದಾಳೆ. ಹುಡುಗ ಹೋಮ್‌ವರ್ಕ್ ಮಾಡುತ್ತಿದ್ದಾನೆ.