ಅಂಗಳದಲ್ಲಿ ಸಾಧು, ಚಾರ್ಮಾಡಿಯಲ್ಲಿ ಕೆಮ್ಮು

ನನ್ನ ಶಾಲೆ ಇರುವುದು ಉಜಿರೆ ಕಡೆ, ಅಮ್ಮ ಇರುವುದು ಬಣಕಲ್ಲಿನಲ್ಲಿ. ಹದಿನೈದು ದಿನಕ್ಕೊಮ್ಮೆ ಚಾರ್ಮಾಡಿ ಹತ್ತಲೇಬೇಕು. ಹನ್ನೊಂದು ವರ್ಷದ ನನ್ನ ಪೆಟ್ರೋಲ್ ಕಾರು ಅಷ್ಟು ದಿನ ತಕರಾರಿಲ್ಲದೆ ಹತ್ತುತ್ತಿತ್ತು. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ತಿರುವು ದಾಟಿ ಮೂರನೇ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದಾಗ ಗಾಡಿ ದಡ್ ದಡ್ ಎಂದು ಜಗ್ಗಿತು. ಕಾಲು ಸಡಿಲಿಸಿದರೆ ಸರಿ, ಒತ್ತಿದರೆ ಮತ್ತೆ ಅದೇ. ಎದುರಿಗೆ ಎಂಜಿನ್ ಚಿತ್ರದ ಹಳದಿ ದೀಪ ಮಿಣಮಿಣ ಎಂದಿತು. ಹಿಂದೆ ಕೆಎಸ್ಸಾರ್ಟಿಸಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಎರಡನೇ ಗೇರಿಗೆ ಇಳಿಸಿ, ಎಕ್ಸಲರೇಟರನ್ನು ಬೆರಳಲ್ಲಿ ಮುಟ್ಟಿದ ಹಾಗೆ ಮುಟ್ಟುತ್ತಾ ಹೇಗೋ ಕೊಟ್ಟಿಗೆಹಾರ ಮುಟ್ಟಿದೆ.

ಸೋಮವಾರ ಗ್ಯಾರೇಜಿಗೆ ಹೋದರೆ ಬಾನೆಟ್ ಎತ್ತಿ, ನಿಂತಲ್ಲೇ ರೇಸ್ ಮಾಡಿ, "ಟೀಚರೇ, ಎಂಥದೂ ಮಿಸ್ಸಿಂಗ್ ಇಲ್ವಲ್ಲ" ಅಂದರು, ಅಂದರೆ ಎಲ್ಲೂ ಪೆಟ್ರೋಲು ಉರಿಯದೆ ತಪ್ಪುತ್ತಿಲ್ಲ ಎಂದು. ನಿಜವೇ. ನಿಂತಲ್ಲಿ ಅದು ಹಾಲು ಕುಡಿದ ಮಗುವಿನ ಹಾಗೆ. "ಪೆಟ್ರೋಲಿನ ಕಸ ಇರಬೇಕು" ಎಂದು ಫ್ಯೂಯೆಲ್ ಫಿಲ್ಟರ್ ಬದಲಾಯಿಸಿ, ಇಂಜೆಕ್ಟರ್ ಕ್ಲೀನ್ ಮಾಡಿ 3,800 ರೂಪಾಯಿ ತಗೊಂಡರು. ಮುಂದಿನ ಶನಿವಾರ ಅದೇ ಏರು, ಅದೇ ದಡ್ ದಡ್. ಅಣ್ಣಪ್ಪ ಸ್ವಾಮಿ ಗುಡಿಯೆದುರು ಎಲ್ಲರೂ ನಿಲ್ಲಿಸುವಂತೆ ನಾನೂ ನಿಲ್ಲಿಸಿದೆ. ಈ ಸಲ ಸ್ವಲ್ಪ ಹೆಚ್ಚು ಹೊತ್ತು ಕೈಮುಗಿದೆ ಅನ್ನಿ.

ಫಿಲ್ಟರ್ ಬದಲಾಯಿಸಿದ್ದಕ್ಕೆ ನನಗೆ ಬೇಸರವಿಲ್ಲ. ಪರೀಕ್ಷೆ ಮಾಡದೆ ಬದಲಾಯಿಸಿದ್ದಕ್ಕೆ ಬೇಸರ. ಎಂಟನೇ ಕ್ಲಾಸಿನ ಮಕ್ಕಳಿಗೇ ನಾವು ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ ಅನ್ನುತ್ತೇವೆ.

ತಮ್ಮನ ಜೊತೆ ಓದಿದ ಹುಡುಗನೊಬ್ಬ ಬೆಳ್ತಂಗಡಿಯಲ್ಲಿ ಗಾಡಿ ರಿಪೇರಿ ಮಾಡುತ್ತಾನೆ. ಫೋನ್ ಮಾಡಿದೆ. "ಅಕ್ಕಾ, ದೀಪ ಸುಮ್ನೆ ಉರೀತಿತ್ತಾ, ಮಿಣುಕ್ತಿತ್ತಾ?" ಎಂದು ಮೊದಲು ಕೇಳಿದ. ಮಿಣುಕುತ್ತಿತ್ತು ಅಂದೆ. "ಹಾಗಾದ್ರೆ ಒತ್ತಿ ಓಡಿಸ್ಬೇಡಿ, ಉರಿಯದ ಪೆಟ್ರೋಲು ಸೈಲೆನ್ಸರ್ ಕಡೆಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹಾಕ್ತದೆ. ಅದರ ರೇಟು ಕೇಳಿದ್ರೆ ನಿಮ್ಗೆ ನಿದ್ದೆ ಬರ್ಲಿಕ್ಕಿಲ್ಲ."

ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಅವನ ಸ್ಕ್ಯಾನರ್ ಚುಚ್ಚಿದ ಕೂಡಲೇ ಪಿ0303 ಅಂತ ಬಂತು. ಕೊನೆಯ ಅಂಕಿಯೇ ಸಿಲಿಂಡರ್ ನಂಬರು: ಮೂರನೆಯದು ಉರಿಯುತ್ತಿಲ್ಲ. ಪೆಟ್ರೋಲು ಸಾಲದಿದ್ದರೆ ಸಾಮಾನ್ಯವಾಗಿ ನಾಲ್ಕೂ ಸಿಲಿಂಡರ್ ಒದ್ದಾಡುತ್ತವೆ, ಇಂಥದ್ದೇ ಸಿಲಿಂಡರ್ ಎಂದು ಹೇಳದ ಪಿ0300 ಬರುತ್ತದೆ. ನನ್ನ 3,800 ರೂಪಾಯಿ ಎಲ್ಲಿ ಹೋಯಿತೆಂದು ಆಗಲೇ ತಿಳಿಯಿತು. ಇನ್ನೊಂದು ಮಜಾ ಅಂದರೆ, ಕೋಡ್ ಬಿದ್ದ ಕ್ಷಣದ ಲೆಕ್ಕವನ್ನೂ ಗಾಡಿ ಬರೆದಿಟ್ಟುಕೊಂಡಿತ್ತು. 2,300 ಆರ್‌ಪಿಎಂ, ಲೋಡ್, ಅಂದರೆ ಎಂಜಿನ್ ಮೇಲಿನ ಭಾರ, ಶೇ. 94. ಗ್ಯಾರೇಜಿನಲ್ಲಿ ನಿಂತು ರೇಸ್ ಮಾಡಿದರೆ ಆರ್‌ಪಿಎಂ ಐದು ಸಾವಿರಕ್ಕೆ ಹೋದರೂ ಲೋಡ್ ಅದರ ಹತ್ತಿರಕ್ಕೂ ಬರುವುದಿಲ್ಲ.

ಇಲ್ಲಿ ನನ್ನೊಳಗಿನ ಫಿಸಿಕ್ಸ್ ಟೀಚರಿಗೆ ಬಾಯಿ ಕಟ್ಟಲಾಗುವುದಿಲ್ಲ. ಎರಡು ಲೋಹದ ತುದಿಗಳ ನಡುವೆ ಕಿಡಿ ಹಾರಲು ಎಷ್ಟು ವೋಲ್ಟೇಜ್ ಬೇಕೆಂಬುದು ನಡುವಿನ ಅಂತರ ಮತ್ತು ಅಲ್ಲಿನ ಗಾಳಿಯ ಒತ್ತಡ, ಇವೆರಡರ ಗುಣಲಬ್ಧದ ಮೇಲೆ ನಿಂತಿದೆ ಎಂದು ಜರ್ಮನಿಯ ಭೌತವಿಜ್ಞಾನಿ ಪಾಶೆನ್ 1889ರಲ್ಲೇ ತೋರಿಸಿದ್ದ. ಐಡಲ್‌ನಲ್ಲಿ ಗಾಳಿಯ ಬಾಗಿಲಾದ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಸಿಲಿಂಡರಿಗೆ ಹೋಗುವ ಗಾಳಿಯೇ ಕಮ್ಮಿ, ಕಿಡಿ ಸಲೀಸಾಗಿ ಹಾರುತ್ತದೆ. ಏರಿನಲ್ಲಿ ಒತ್ತಿದಾಗ ಸಿಲಿಂಡರ್ ತುಂಬಾ ಗಾಳಿ, ಒತ್ತಡ ಎಷ್ಟೋ ಪಟ್ಟು. ಆಗ ಕಿಡಿಗೆ ಬೇಕಾದ ವೋಲ್ಟೇಜೂ ಏರುತ್ತದೆ. ಪೆಟ್ರೋಲಿಗೆ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಹಾರುವುದಕ್ಕಿಂತ ಸುಲಭದ ಕಳ್ಳದಾರಿ ಬೇರೆಲ್ಲಾದರೂ ಇದ್ದರೆ ವಿದ್ಯುತ್ತು ಅಲ್ಲೇ ನುಗ್ಗುತ್ತದೆ.

ಬೆಳ್ತಂಗಡಿಯ ಹುಡುಗ ಮೂರನೆಯ ಸಿಲಿಂಡರಿನ ಕಾಯಿಲ್ (ಪ್ಲಗ್ಗಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ) ತೆಗೆದು ಒಂದಕ್ಕೆ ಹಾಕಿದ, ಒಂದರದ್ದು ಮೂರಕ್ಕೆ. ಕಾಯಿಲ್ ಹಾಳಾಗಿದ್ದರೆ ಕೋಡ್ ಪಿ0301 ಆಗಬೇಕು, ಇಲ್ಲದಿದ್ದರೆ ಮೂರರಲ್ಲೇ ಉಳಿಯಬೇಕು. ಘಾಟಿಯ ಮೊದಲ ಏರು ಹತ್ತಿಸಿ ನೋಡಿದರೆ ಎರಡೂ ಕೋಡ್ ಬಂದಿದ್ದವು! ಪರೀಕ್ಷೆಯಲ್ಲಿ ಹೌದು ಎಂದೂ ಅಲ್ಲ ಎಂದೂ ಬರೆದಿಟ್ಟ ಹುಡುಗನ ಉತ್ತರಪತ್ರಿಕೆ ನೋಡಿದ ಹಾಗಾಯ್ತು ನನಗೆ. ಅವನು ಮಾತ್ರ ನಕ್ಕ. "ಸಿಕ್ತು ಅಕ್ಕಾ."

ಎಂಜಿನ್ ತಣಿದ ಮೇಲೆ ಮೂರನೆಯ ಪ್ಲಗ್ ಬಿಚ್ಚಿ ನನ್ನ ಕೈಗಿಟ್ಟ. ಬಿಳಿ ಪಿಂಗಾಣಿಯ ಮೇಲೆ, ಮೇಲಿಂದ ಕೆಳಗಿನ ಲೋಹದ ತನಕ, ಚೂಪು ಪೆನ್ಸಿಲಿನಲ್ಲಿ ಎಳೆದಂಥ ಒಂದು ಕಪ್ಪು ಗೆರೆ. ಹೆಬ್ಬೆರಳಿನಿಂದ ಉಜ್ಜಿದೆ, ಹೋಗಲಿಲ್ಲ. ಕಾಯಿಲಿನ ಕೆಳಗಿರುವ ರಬ್ಬರ್ ಬೂಟನ್ನು ತಿರುಗಿಸಿ ಒಳಗೆ ಟಾರ್ಚ್ ಬಿಟ್ಟ. ಅಲ್ಲೂ ಅದರ ಜೋಡಿ ಗೆರೆ, ಸುಟ್ಟು ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಿಡಿ ಪ್ಲಗ್ಗಿನ ತುದಿ ಬಿಟ್ಟು ಈ ಗೆರೆಯುದ್ದಕ್ಕೂ ಇಳಿದುಹೋಗುತ್ತಿತ್ತು. ಅರ್ಧ ದೋಷ ಪ್ಲಗ್ಗಿನ ಜೊತೆ ಮೂರರಲ್ಲೇ ಉಳಿಯಿತು, ಇನ್ನರ್ಧ ಬೂಟಿನ ಜೊತೆ ಒಂದಕ್ಕೆ ಹೋಯಿತು. ಅದಕ್ಕೇ ಎರಡು ಕೋಡು.

ಗೆರೆ ಯಾಕೆ ಬಿತ್ತು? ಸಣ್ಣ ಅಂತರ ಅಳೆಯುವ ಫೀಲರ್ ಗೇಜ್ ಹಾಕಿದ. ಪ್ಲಗ್ಗಿನ ತುದಿಯಲ್ಲಿ 1.1 ಮಿ.ಮೀ. ಇರಬೇಕಾದ ಅಂತರ ಸವೆದು 1.5 ಆಗಿತ್ತು. ಅಂತರ ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚು ಬೇಕು, ಕಿಡಿ ಕಳ್ಳದಾರಿ ಹಿಡಿಯಿತು. ಪ್ಲಗ್ ಹಾಕಿಸಿ 60,000 ಕಿ.ಮೀ. ಮೇಲಾಗಿತ್ತು, ಅದು ನನ್ನದೇ ತಪ್ಪು. ಸರ್ವಿಸ್ ಪುಸ್ತಕದಲ್ಲಿ ಆ ಸಾಲು ಇತ್ತು, ನಾನು ಓದಿರಲಿಲ್ಲ.

"ಪ್ಲಗ್ ಮಾತ್ರ ಹೊಸತು ಸಾಲದಾ?" ಎಂದು ಕೇಳಿದೆ, ಜಿಪುಣತನ. "ಹಳೇ ಬೂಟು ಇಟ್ರೆ ಅದು ಹೊಸ ಪ್ಲಗ್ಗಿಗೂ ಗೆರೆ ಎಳೀತದೆ, ತಿಂಗಳಲ್ಲಿ ಮತ್ತೆ ಬರ್ತೀರಿ" ಅಂದ. ನಾಲ್ಕು ಪ್ಲಗ್, ಒಂದು ಬೂಟು, ಸೇರಿ ಸಾವಿರದೊಳಗೆ ಮುಗಿಯಿತು. ಕೂಲಿ ಬೇಡವೆಂದ. ಬಣಕಲ್ಲಿನಿಂದ ಇಳಿಯುವಾಗ ಅಮ್ಮನ ಕಾಫಿಪುಡಿ ಒಂದು ಕೆಜಿ ತಂದುಕೊಟ್ಟೆ.

ಹಳೆಯ ಪ್ಲಗ್ ಈಗ ಶಾಲೆಯ ಲ್ಯಾಬಿನಲ್ಲಿದೆ. ಮೊನ್ನೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅದನ್ನು ಎತ್ತಿಕೊಂಡು, "ಟೀಚರ್, ಯಾರೋ ಇದರ ಮೇಲೆ ಗೀಚಿದ್ದಾರೆ" ಎಂದು ರಬ್ಬರ್ ಹಿಡಿದು ಉಜ್ಜತೊಡಗಿದ್ದ.